ಶಂಕರಘಟ್ಟದ ಫಿಸಿಕ್ಸ್: ಡಿಗ್ರಿ ಆದ ಮೇಲೆ ಏನೇನು ದಾರಿ?

ಕಳಸ, ಮೂಡಿಗೆರೆ, ಕುದುರೆಮುಖದ ಕಡೆ ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಮಾತು: ‘ಇಂಜಿನಿಯರಿಂಗ್ ಸಿಗದಿದ್ದರೆ ಬಿ.ಎಸ್ಸಿ.ಗೆ ಹಾಕೋಣ.’ ಭೌತಶಾಸ್ತ್ರವನ್ನು ಹೀಗೆ ಉಳಿದ ಸೀಟಿನಂತೆ ನೋಡುವುದು ಸರಿಯಲ್ಲ. ಕುದುರೆಮುಖದಲ್ಲಿ ಮ್ಯಾಗ್ನೆಟೈಟ್ ಅದಿರನ್ನು ಪುಡಿ ಮಾಡಿ, ಅಯಸ್ಕಾಂತದ ಬಲದಿಂದ ಕಬ್ಬಿಣದ ಅಂಶ ಬೇರೆ ಮಾಡಿ, ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಅದೆಲ್ಲ ಇದೇ ಶಾಸ್ತ್ರದ ಕೆಲಸ. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಮಕ್ಕಳು ಕೆಲಸಕ್ಕೆ ಘಟ್ಟ ಇಳಿಯಲೇಬೇಕು. ಯಾವ ದಾರಿಯಲ್ಲಿ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಚಿಕ್ಕಮಗಳೂರು ಜಿಲ್ಲೆಯ ಪದವಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. 1987ರಲ್ಲಿ ಆರಂಭವಾದ ಅದರ ಜ್ಞಾನ ಸಹ್ಯಾದ್ರಿ ಆವರಣ ಇರುವುದು ಭದ್ರಾ ಅಣೆಕಟ್ಟೆಗೆ ಹತ್ತಿರದ ಶಂಕರಘಟ್ಟದಲ್ಲಿ. ಊರಿನ ಹತ್ತಿರದ ಕಾಲೇಜಿನಲ್ಲಿ ಮೂರು ವರ್ಷದ ಬಿ.ಎಸ್ಸಿ., ಆಮೇಲೆ ಶಂಕರಘಟ್ಟದಲ್ಲಿ ಎರಡು ವರ್ಷದ ಎಂ.ಎಸ್ಸಿ. ಮಾಡಬಹುದು.

ಸಣ್ಣ ವಿಶ್ವವಿದ್ಯಾಲಯದಲ್ಲಿ ದೊಡ್ಡ ಯಂತ್ರಗಳು ಕಡಿಮೆ, ನಿಜ. ಆದರೆ ತರಗತಿ ಚಿಕ್ಕದಿದ್ದರೆ ಉಪಕರಣ ಕೈಗೆ ಸಿಗುತ್ತದೆ. ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪ ಹಚ್ಚಿ, ಸ್ಪೆಕ್ಟ್ರೋಮೀಟರ್ ಮೇಲೆ ಪ್ರಿಸಂ ಇಟ್ಟು ಮೆಲ್ಲಗೆ ತಿರುಗಿಸಿ. ಹಳದಿ ಗೆರೆ ಒಂದೇ ಕಡೆಗೆ ಸರಿಯುತ್ತ ಬಂದು, ಒಂದು ಜಾಗದಲ್ಲಿ ನಿಂತು, ಹಿಂದಕ್ಕೆ ಹೊರಳುತ್ತದೆ. ಆ ಹೊರಳುವ ಜಾಗವೇ ಕನಿಷ್ಠ ವಿಚಲನೆ. ಅಲ್ಲಿನ ವರ್ನಿಯರ್ ರೀಡಿಂಗನ್ನು ತಾನೇ ತೆಗೆದು, ಗಾಜಿನ ವಕ್ರೀಭವನಾಂಕವನ್ನು ತಾನೇ ಲೆಕ್ಕ ಹಾಕಿದ ಹುಡುಗಿಗೂ, ಪಕ್ಕದವರ ರೆಕಾರ್ಡ್ ನೋಡಿ ಬರೆದುಕೊಂಡವಳಿಗೂ ಮುಂದಿನ ಸಂದರ್ಶನದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ರೆಕಾರ್ಡ್ ನಕಲು ಮಾಡಬೇಡಿ. ಇಡೀ ಕೋರ್ಸಿನಲ್ಲಿ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಹೊರಗಿನ ಬಾಗಿಲು ತೆರೆಯುವುದು ಪ್ರವೇಶ ಪರೀಕ್ಷೆಗಳಿಂದ. ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ (JAM) ಪರೀಕ್ಷೆ ಬರೆಯಬೇಕು. ಪದವಿಯ ಕೊನೆಯ ವರ್ಷದಲ್ಲೇ ಬರೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಅದೇ ಅಂಕ ನಡೆಯುತ್ತದೆ. ಎಲ್ಲಿ ಓದಿದಿರಿ ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಬೆಂಗಳೂರಿನಲ್ಲೇ ಇರುವ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಬೇಸಿಗೆ ಫೆಲೋಶಿಪ್ ಕೊಟ್ಟು, ಎರಡು ತಿಂಗಳು ಸಂಶೋಧಕರ ಜೊತೆ ಕೆಲಸ ಮಾಡಿಸುತ್ತದೆ. ಮಲೆನಾಡಿನ ಮಕ್ಕಳು ಇದಕ್ಕೆ ತಪ್ಪದೆ ಅರ್ಜಿ ಹಾಕಬೇಕು. ಎಂ.ಎಸ್ಸಿ. ನಂತರ ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಕಾಲೇಜು ಉಪನ್ಯಾಸಕರಾಗುವವರಿಗೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ದಾರಿ.

ಹೈಸ್ಕೂಲಿನಲ್ಲಿ ಪಾಠ ಮಾಡಲು ಬಿ.ಎಸ್ಸಿ. ಜೊತೆ ಬಿ.ಎಡ್. ಬೇಕು. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕರ ಹುದ್ದೆಗೆ ಸಿಬ್ಬಂದಿ ನೇಮಕಾತಿ ಆಯೋಗ ಪರೀಕ್ಷೆ ನಡೆಸುತ್ತದೆ. ಭೌತಶಾಸ್ತ್ರ ಓದಿದ ಪ್ರಥಮ ದರ್ಜೆಯ ಪದವಿ ಅದಕ್ಕೆ ಸಾಕು. ಕೈಗಾದಂಥ ಅಣು ವಿದ್ಯುತ್ ಸ್ಥಾವರಗಳೂ ಬಿ.ಎಸ್ಸಿ. ಆದವರನ್ನು ತರಬೇತಿಗೆ ತೆಗೆದುಕೊಳ್ಳುತ್ತವೆ. ಈ ಹುದ್ದೆಗಳನ್ನು ಪ್ರತಿ ವರ್ಷ ಕರೆಯುವುದಿಲ್ಲ, ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು.

ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಕೆಲಸ ವೈದ್ಯಕೀಯ ಭೌತವಿಜ್ಞಾನಿಯದು. ಕ್ಯಾನ್ಸರ್ ರೋಗಿಗೆ ವಿಕಿರಣ ಕೊಡುವಾಗ ಗಡ್ಡೆಗೆ ಎಷ್ಟು ಡೋಸ್ ತಲುಪಬೇಕು, ಸುತ್ತಲಿನ ಅಂಗಕ್ಕೆ ಎಷ್ಟು ಕಡಿಮೆಯಾಗಬೇಕು ಎಂದು ಲೆಕ್ಕ ಹಾಕುವವರು ಇವರು. ಎಂ.ಎಸ್ಸಿ. ಮುಗಿಸಿ, ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯೋಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದರೆ ಈ ವೃತ್ತಿಗೆ ದಾರಿ ತೆರೆಯುತ್ತದೆ.

ಜ್ಯಾಮ್ ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ಘಟ್ಟದ ಮೇಲೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಕರೆಂಟು, ನೆಟ್‌ವರ್ಕ್ ನಂಬುವಂತಿಲ್ಲ. ಕೊನೆಯ ದಿನಕ್ಕೆ ಕಾಯದೆ ಅರ್ಜಿ ತುಂಬಿಬಿಡಿ.