ಒಂದೇ ಏಟಿಗೆ ಸಾವಿರ ಟ್ಯಾಗ್: ಕಟ್ಟಡಗಳ ಗಣಕ ನಿಯಂತ್ರಣದಲ್ಲಿ ಗುಂಪು ತಿದ್ದುಪಡಿ

ದೊಡ್ಡ ಆಸ್ಪತ್ರೆಗೋ ವಿಮಾನ ನಿಲ್ದಾಣಕ್ಕೋ ಬಹುಮಹಡಿ ಕಚೇರಿಗೋ ಕಾಲಿಟ್ಟೊಡನೆ ತಂಪು ಗಾಳಿ ನಿಮ್ಮ ಮೈಗೆ ತಾಗುತ್ತದೆ. ಆ ಗಾಳಿ ಎಷ್ಟು ತಂಪಾಗಿರಬೇಕು, ಯಾವ ಹೊತ್ತಿಗೆ ಫ್ಯಾನ್ ನಿಲ್ಲಬೇಕು, ಯಾವ ಪಂಪು ಓಡಬೇಕು ಎಂಬುದನ್ನು ಇಂಥ ಕಡೆಗಳಲ್ಲಿ ನೋಡಿಕೊಳ್ಳುವುದು ಕಟ್ಟಡ ಸ್ವಯಂಚಾಲನೆಯ ತಂತ್ರಾಂಶ. ಅಲ್ಲಲ್ಲಿ ಕೂರಿಸಿದ ಸೆನ್ಸರುಗಳು ಉಷ್ಣತೆ, ತೇವಾಂಶ, ಒತ್ತಡಗಳನ್ನು ಅಳೆದು ಕಳಿಸುತ್ತವೆ. ಅದಕ್ಕೆ ತಕ್ಕಂತೆ ಕವಾಟಗಳಿಗೆ, ಮೋಟಾರುಗಳಿಗೆ ಆಜ್ಞೆ ಹೋಗುತ್ತದೆ. ಹೀಗೆ ಬರುವ ಪ್ರತಿಯೊಂದು ಅಳತೆಗೂ ಹೋಗುವ ಪ್ರತಿಯೊಂದು ಆಜ್ಞೆಗೂ ಈ ಕ್ಷೇತ್ರದವರು ‘ಪಾಯಿಂಟ್’ ಎನ್ನುತ್ತಾರೆ.

ಹೆಸರೊಂದಿದ್ದರೆ ಸಾಲದೇ?

ಪ್ರತಿ ಪಾಯಿಂಟಿಗೂ ಒಂದು ಹೆಸರಿರುತ್ತದೆ. ಆದರೆ ಹೆಸರಿಡುವವರು ಒಬ್ಬರಲ್ಲ. ಗಾಳಿಯಂತ್ರದಿಂದ ಹೊರಬರುವ ಗಾಳಿಯ ಉಷ್ಣತೆಯನ್ನು ಒಬ್ಬ ಗುತ್ತಿಗೆದಾರ ‘ಡಿಎಟಿ’ ಎಂದು ಬರೆದರೆ, ಇನ್ನೊಬ್ಬ ‘ಸಪ್ಲೈ ಟೆಂಪ್’ ಎಂದು ಬರೆಯುತ್ತಾನೆ. ಅನುಭವಿ ಮೆಕ್ಯಾನಿಕ್ ಎರಡೂ ಒಂದೇ ಎಂದು ಊಹಿಸಬಲ್ಲ. ಗಣಕಯಂತ್ರ ಊಹಿಸಲಾರದು.

ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಮಾತನಾಡುವಂತೆ ಮಾಡಲು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ ೧೯೯೫ರಲ್ಲಿ ‘ಬ್ಯಾಕ್‌ನೆಟ್’ ಎಂಬ ಮಾನಕವನ್ನು ಪ್ರಕಟಿಸಿತು. ೨೦೦೩ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಇದರಿಂದ ಯಂತ್ರಗಳ ನಡುವೆ ಅಂಕಿಗಳು ಸಲೀಸಾಗಿ ಹರಿಯತೊಡಗಿದವು. ಆದರೆ ೧೪ ಎಂಬ ಅಂಕಿ ಯಾವ ಗಾಳಿಯದು, ಹೋಗುವುದರದೋ ಹಿಂದಿರುಗುವುದರದೋ ಎಂಬ ಅರ್ಥ ಮಾತ್ರ ಬಹುಮಟ್ಟಿಗೆ ಹೆಸರಿನಲ್ಲೇ ಅಡಗಿ ಕುಳಿತಿತು. ಈ ಕೊರತೆಯನ್ನು ನೀಗಿಸಲು ೨೦೧೧ರಲ್ಲಿ ‘ಪ್ರಾಜೆಕ್ಟ್ ಹೇಸ್ಟ್ಯಾಕ್’, ೨೦೧೬ರಲ್ಲಿ ‘ಬ್ರಿಕ್’ ಎಂಬ ಪ್ರಯತ್ನಗಳು ಹುಟ್ಟಿಕೊಂಡವು.

ಹೇಸ್ಟ್ಯಾಕ್ ಹೇಳುವುದು ಸರಳ. ಅಡುಗೆಮನೆಯ ಡಬ್ಬಿಗಳ ಮೇಲೆ ಚೀಟಿ ಅಂಟಿಸುವಂತೆ ಪ್ರತಿ ಪಾಯಿಂಟಿಗೂ ಎಲ್ಲರೂ ಒಪ್ಪಿದ ಪದಗಳ ಚೀಟಿ ಅಂಟಿಸಿ. ಇವೇ ಟ್ಯಾಗ್‌ಗಳು. ಮೇಲೆ ಹೇಳಿದ ಪಾಯಿಂಟಿಗೆ ‘ಡಿಸ್ಚಾರ್ಜ್’, ‘ಏರ್’, ‘ಟೆಂಪ್’, ‘ಸೆನ್ಸರ್’, ‘ಪಾಯಿಂಟ್’ ಎಂಬ ಐದು ಟ್ಯಾಗ್ ಬೀಳುತ್ತವೆ. ಇದಲ್ಲದೆ ಆ ಪಾಯಿಂಟ್ ಯಾವ ಯಂತ್ರಕ್ಕೆ ಸೇರಿದ್ದು, ಯಾವ ಕಟ್ಟಡದ್ದು ಎಂದು ಬೆರಳು ಮಾಡಿ ತೋರಿಸುವ ಟ್ಯಾಗ್‌ಗಳೂ ಉಂಟು. ಇಷ್ಟಾದ ಮೇಲೆ ‘ಹೊರಬರುವ ಗಾಳಿಯ ಉಷ್ಣತೆಗಳನ್ನೆಲ್ಲ ತೋರಿಸು’ ಎಂದು ಕೇಳಿದರೆ, ಹೆಸರು ಏನೇ ಇರಲಿ, ತಂತ್ರಾಂಶ ಎಲ್ಲವನ್ನೂ ಸಾಲಾಗಿ ತಂದಿಡುತ್ತದೆ.

ಒಂದೊಂದಾಗಿ ಆಗದ ಕೆಲಸ

ಒಂದು ಸಣ್ಣ ಲೆಕ್ಕ ಹಾಕೋಣ. ಹನ್ನೆರಡು ಮಹಡಿಯ ಕಟ್ಟಡ, ಮಹಡಿಗೆ ನಾಲ್ಕು ಗಾಳಿಯಂತ್ರ, ಯಂತ್ರಕ್ಕೆ ಹದಿನೈದು ಪಾಯಿಂಟ್ ಎಂದಿಟ್ಟುಕೊಳ್ಳಿ. ಒಟ್ಟು ೭೨೦ ಪಾಯಿಂಟ್. ಒಂದಕ್ಕೆ ಐದರಂತೆ ೩,೬೦೦ ಟ್ಯಾಗ್. ಒಂದು ಟ್ಯಾಗಿಗೆ ಅರ್ಧ ನಿಮಿಷ ಎಂದರೂ ಬಿಡುವಿಲ್ಲದೆ ೩೦ ಗಂಟೆ ಬೇಕು. ಇಷ್ಟು ಹೊತ್ತು ಒಂದೇ ಕೆಲಸ ಮಾಡುವವನ ಕಣ್ಣು ತಪ್ಪದೇ ಇರುತ್ತದೆಯೇ? ಇದಕ್ಕಾಗಿಯೇ ಗುಂಪು ತಿದ್ದುಪಡಿ ಬಂದಿದೆ.

ಇದು ಎರಡು ಬಗೆ. ಮೊದಲನೆಯದು ತಂತ್ರಾಂಶದ ಒಳಗೇ ಮಾಡುವುದು: ಒಂದು ಷರತ್ತು ಕೊಟ್ಟು ಪಾಯಿಂಟುಗಳನ್ನು ಹುಡುಕಿ, ಸಿಕ್ಕಿದ್ದಕ್ಕೆಲ್ಲ ಒಂದೇ ಆಜ್ಞೆಯಲ್ಲಿ ಟ್ಯಾಗ್ ಸೇರಿಸುವುದು ಅಥವಾ ತೆಗೆಯುವುದು. ಎರಡನೆಯದು, ಪಟ್ಟಿಯನ್ನು ಕೋಷ್ಟಕವಾಗಿ ಹೊರತೆಗೆದು, ಎಕ್ಸೆಲ್‌ನಂಥ ಸಾಧನದಲ್ಲಿ ತಿದ್ದಿ, ಮತ್ತೆ ಒಳಗೆ ತುಂಬುವುದು.

ಎಲ್ಲೆಲ್ಲಿ ಎಡವುತ್ತಾರೆ?

ಬೇಗ ಮುಗಿಯುವ ಕೆಲಸದಲ್ಲಿ ತಪ್ಪೂ ಅಷ್ಟೇ ಬೇಗ ಹರಡುತ್ತದೆ. ಮುಖ್ಯವಾಗಿ ನಾಲ್ಕು ಕಡೆ ಎಚ್ಚರ ಬೇಕು.

ಮೊದಲನೆಯದು, ಹೆಸರಿನ ತುಣುಕನ್ನು ನಂಬಿ ಹುಡುಕುವುದು. ನಿಗದಿತ ಉಷ್ಣತೆಯ ಪಾಯಿಂಟುಗಳಿಗಾಗಿ ‘ಎಸ್‌ಪಿ’ ಎಂಬ ಎರಡು ಅಕ್ಷರ ಕೊಟ್ಟು ಹುಡುಕಿದರೆ, ಇಂಗ್ಲಿಷಿನಲ್ಲಿ ಅದೇ ಎರಡು ಅಕ್ಷರಗಳಿಂದ ಶುರುವಾಗುವ ‘ಸ್ಪೀಡ್’, ‘ಸ್ಪೇಸ್’ ಎಂಬ ಹೆಸರಿನವೂ ಬಲೆಗೆ ಬೀಳುತ್ತವೆ.

ಎರಡನೆಯದು, ಅಳತೆಯ ಮಾನ. ಫ್ಯಾರನ್‌ಹೀಟ್ ಎಂಬ ಚೀಟಿ ತೆಗೆದು ಸೆಲ್ಸಿಯಸ್ ಎಂದು ಅಂಟಿಸಿದ ಮಾತ್ರಕ್ಕೆ ಅಂಕಿ ಬದಲಾಗುತ್ತದೆ ಎಂದು ನೆಚ್ಚಬಾರದು. ಕೋಣೆಯ ೭೨ ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಸುಮಾರು ೨೨ ಡಿಗ್ರಿ ಸೆಲ್ಸಿಯಸ್. ಚೀಟಿಯೊಂದೇ ಬದಲಾದರೆ ವರದಿಯಲ್ಲಿ ಕೋಣೆ ೭೨ ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತಿರುತ್ತದೆ. ೧೯೯೯ರಲ್ಲಿ ನಾಸಾದ ಮಂಗಳ ಹವಾಮಾನ ನೌಕೆ ನಾಶವಾದದ್ದೂ ಇಂಥದೇ ಕಾರಣಕ್ಕೆ: ಒಂದು ಕಡೆಯವರು ಬ್ರಿಟಿಷ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯವರು ಮೆಟ್ರಿಕ್ ಎಂದು ತಿಳಿದರು.

ಮೂರನೆಯದು, ಕೋಷ್ಟಕದ ಅತಿಬುದ್ಧಿ. ‘೦೦೭’ ಎಂದು ಬರೆದದ್ದನ್ನು ಎಕ್ಸೆಲ್ ‘೭’ ಮಾಡಬಹುದು. ಕೆಲವು ಸಂಕೇತಗಳನ್ನು ತಾರೀಖು ಎಂದು ತಿಳಿದುಬಿಡಬಹುದು. ಮನುಷ್ಯನ ಜೀನ್‌ಗಳ ಹೆಸರುಗಳೇ ಹೀಗೆ ತಾರೀಖುಗಳಾಗಿ ಕೆಟ್ಟು, ೨೦೨೦ರ ಹೊತ್ತಿಗೆ ವಿಜ್ಞಾನಿಗಳು ಕೆಲವು ಜೀನ್‌ಗಳಿಗೆ ಹೊಸ ಹೆಸರಿಡಬೇಕಾಯಿತು.

ನಾಲ್ಕನೆಯದು, ಪಾಯಿಂಟಿನ ಗುರುತು ಸಂಖ್ಯೆ. ತಿದ್ದಿದ ಸಾಲು ಯಾವ ಪಾಯಿಂಟಿಗೆ ಮರಳಬೇಕೆಂದು ತಂತ್ರಾಂಶಕ್ಕೆ ತಿಳಿಯುವುದು ಇದರಿಂದ. ಈ ಕಂಬವನ್ನು ಮುಟ್ಟಲೇಬಾರದು. ಒಂದು ಕಂಬವನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ, ಒಬ್ಬರ ಚೀಟಿ ಇನ್ನೊಬ್ಬರ ಹಣೆಗೆ ಅಂಟಿತೆಂದೇ ಲೆಕ್ಕ.

ಸದ್ದು ಮಾಡದ ತಪ್ಪು

‘ಟ್ಯಾಗ್ ತಪ್ಪಿದರೆ ಫ್ಯಾನ್ ನಿಂತುಹೋಗುತ್ತದೆಯೇ?’ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಇಲ್ಲ. ಫ್ಯಾನನ್ನು ನಡೆಸುವುದು ಬೇರೆಯೇ ನಿಯಂತ್ರಕ. ಅಪಾಯ ಇರುವುದೇ ಇಲ್ಲಿ. ಎಚ್ಚರಿಕೆಯ ಗಂಟೆ, ವಿದ್ಯುತ್ ವರದಿ, ದೋಷಪತ್ತೆ ಇವೆಲ್ಲ ಟ್ಯಾಗ್ ನೋಡಿ ಕೆಲಸ ಮಾಡುವಂತಿದ್ದರೆ, ಟ್ಯಾಗ್ ಇಲ್ಲದ ಪಾಯಿಂಟ್ ಜಗಳ ಮಾಡುವುದಿಲ್ಲ, ಲೆಕ್ಕದಿಂದ ಮೆಲ್ಲನೆ ಜಾರಿಹೋಗುತ್ತದೆ. ವರದಿ ‘ಎಲ್ಲ ಸರಿಯಿದೆ’ ಎನ್ನುತ್ತದೆ.

ಆಸ್ಪತ್ರೆಯ ಉದಾಹರಣೆಯನ್ನೇ ನೋಡಿ. ಕ್ಷಯದಂಥ ಗಾಳಿಯಲ್ಲಿ ಹರಡುವ ಸೋಂಕಿನ ರೋಗಿಯನ್ನು ಇಡುವ ಕೋಣೆಯಲ್ಲಿ ಒತ್ತಡ ಹೊರಗಿಗಿಂತ ಕಡಿಮೆಯಿರಬೇಕು. ಒಳಗಿನ ಗಾಳಿ ಹೊರಗೆ ಬರಕೂಡದು. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ರೋಗಿಯ ಕೋಣೆಯಲ್ಲಿ ಒತ್ತಡ ಹೆಚ್ಚಿರಬೇಕು. ಹೊರಗಿನ ಗಾಳಿ ಒಳಗೆ ಹೋಗಕೂಡದು. ರೂಢಿಯಲ್ಲಿ ಎರಡನ್ನೂ ‘ಐಸೊಲೇಷನ್’ ಕೋಣೆ ಎಂದು ಕರೆಯುವುದುಂಟು. ಆ ಹೆಸರು ಹುಡುಕಿ ಎಲ್ಲಕ್ಕೂ ಒಂದೇ ಟ್ಯಾಗ್ ಹಾಕಿ, ಅದರ ಮೇಲೆ ಒಂದೇ ಎಚ್ಚರಿಕೆಯ ನಿಯಮ ಕೂರಿಸಿದರೆ, ಒಂದು ಬಗೆಯ ಕೋಣೆಯಲ್ಲಿ ಸರಿಯಿದ್ದಾಗ ಗಂಟೆ ಬಾರಿಸುತ್ತದೆ, ಕೆಟ್ಟಾಗ ಸುಮ್ಮನಿರುತ್ತದೆ. ಸುಳ್ಳು ಗಂಟೆ ಕೇಳಿ ಕೇಳಿ ಬೇಸತ್ತ ಸಿಬ್ಬಂದಿ ಅದನ್ನು ಬಂದ್ ಮಾಡಿಬಿಟ್ಟರೆ ರೋಗಿಗೆ ದಿಕ್ಕು ಯಾರು?

ಪಾಲಿಸಬೇಕಾದ ಕ್ರಮ

ನಿಮ್ಮಲ್ಲಿ ಕಟ್ಟಡದ ನಿರ್ವಹಣೆ ಹೊತ್ತವರಿರಬಹುದು, ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಲಿರುವವರಿರಬಹುದು. ಈ ಕ್ರಮವನ್ನು ನೆನಪಿಡಿ. ಮೊದಲು ಪೂರ್ತಿ ಬ್ಯಾಕಪ್ ತೆಗೆದಿಡಿ. ಹುಡುಕಿದಾಗ ಸಿಕ್ಕಿದ್ದೆಷ್ಟು ಎಂದು ಎಣಿಸಿ. ೪೮ ಗಾಳಿಯಂತ್ರವಿರುವ ಕಟ್ಟಡದಲ್ಲಿ ೪೮ ಹೊರಬರುವ ಗಾಳಿಯ ಉಷ್ಣತೆಯ ಪಾಯಿಂಟ್ ಬರಬೇಕಾದ ಕಡೆ ೫೧ ಬಂದರೆ ಮುಂದಡಿ ಇಡಬೇಡಿ. ಒಂದು ಯಂತ್ರದ ಮೇಲೆ ಪ್ರಯೋಗಿಸಿ, ಸರಿ ಕಂಡ ಮೇಲೆ ಒಂದು ಮಹಡಿಗೆ, ಆಮೇಲೆ ಇಡೀ ಕಟ್ಟಡಕ್ಕೆ ಹೋಗಿ. ಮುಗಿದ ನಂತರ ಟ್ಯಾಗ್ ಇರುವುದನ್ನಷ್ಟೇ ಅಲ್ಲ, ಇಲ್ಲದ್ದನ್ನೂ ಹುಡುಕಿ: ಯಾವ ಯಂತ್ರಕ್ಕೂ ಸೇರದ ಪಾಯಿಂಟುಗಳು ಎಷ್ಟು ಉಳಿದಿವೆ ಎಂದು ಕೇಳಿ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ.

ಕೊನೆಗೆ, ನಾಲ್ಕಾರು ಪಾಯಿಂಟುಗಳನ್ನು ಆರಿಸಿಕೊಂಡು ಯಂತ್ರದ ಕೋಣೆಗೆ ನಡೆದು ಹೋಗಿ, ಥರ್ಮಾಮೀಟರ್ ಹಿಡಿದು ಪರದೆಯ ಅಂಕಿಯೊಂದಿಗೆ ತಾಳೆ ನೋಡಿ. ಪರದೆಯ ಮುಂದೆ ಕುಳಿತು ಸಾವಿರ ಚೀಟಿ ಅಂಟಿಸಬಹುದು. ಡಬ್ಬಿಯಲ್ಲಿರುವುದು ಉಪ್ಪೋ ಸಕ್ಕರೆಯೋ ಎಂದು ತಿಳಿಯಲು ಮುಚ್ಚಳ ತೆರೆಯಲೇಬೇಕು.