ಗಂಡನ ವೀಸಾದಿಂದ ಓದಿನ ವೀಸಾಕ್ಕೆ

ಮಗಳನ್ನು ಅಮೆರಿಕಕ್ಕೆ ಮದುವೆ ಮಾಡಿ ಕೊಟ್ಟ ತಾಯಂದಿರಿಗೆ ವೀಸಾದ ಒಳಹೊರಗು ತಾನಾಗಿಯೇ ಬಂದುಬಿಡುತ್ತದೆ ನೋಡಿ. ಎಸ್ಸೆಸ್ಸೆಲ್ಸಿ ಓದಿದ ನಾನೂ ಈಗ ಎಚ್-4, ಎಫ್-1 ಅಂತ ಮಾತಾಡ್ತೇನೆ.

ಅಳಿಯನದು ಎಚ್-1ಬಿ, ಕೆಲಸದ ವೀಸಾ. ಅವನ ಹೆಂಡತಿಯೆಂದು ಮಗಳಿಗೆ ಸಿಕ್ಕಿದ್ದು ಎಚ್-4. ಅದರಲ್ಲಿ ಕಾಲೇಜಿಗೆ ಹೋಗಲು ಅಡ್ಡಿಯಿಲ್ಲ, ಆದರೆ ದುಡಿಯುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ, 2015ರಿಂದ, ಹೆಂಡತಿಗೂ ಕೆಲಸದ ಪರವಾನಗಿ ಕೊಡುತ್ತಾರೆ. ನಮ್ಮ ಅಳಿಯನದು ಅಲ್ಲಿಗೆ ಮುಟ್ಟಿರಲಿಲ್ಲ.

ಮಗಳಿಗೆ ಎಂ.ಎಸ್. ಸೀಟು ಸಿಕ್ಕಿತು. ಕಾಲೇಜಿನಲ್ಲೇ ವಾರಕ್ಕೆ 20 ಗಂಟೆ ಕೆಲಸ ಕೊಡ್ತೇವೆ, ಫೀಸು ಕಡಿಮೆಯಾಗ್ತದೆ ಎಂದರಂತೆ. ಅದಕ್ಕೆ ವಿದ್ಯಾರ್ಥಿ ವೀಸಾದ ಸ್ಥಾನವೇ ಬೇಕು. ಓದು ಮುಗಿದ ಮೇಲೆ ಒಂದು ವರ್ಷ ಕಲಿತ ವಿಷಯದಲ್ಲಿ ಕೆಲಸ ಮಾಡಲಿಕ್ಕೂ ಅದೇ ದಾರಿ. ಕಾಲೇಜು ಕೊಟ್ಟ ಐ-20 ಎಂಬ ಕಾಗದ ಇಟ್ಟು, 350 ಡಾಲರ್ ಸೇವಿಸ್ ಶುಲ್ಕ ಕಟ್ಟಿ, ಐ-539 ಫಾರಂ ತುಂಬಿ ಅಲ್ಲಿಂದಲೇ ಅರ್ಜಿ ಹಾಕಿದಳು. ಇದ್ದ ವೀಸಾದ ಅವಧಿ ಮುಗಿಯುವ ಮೊದಲೇ ಹಾಕಬೇಕು, ತಡವಾದರೆ ಕಷ್ಟ.

ಅಷ್ಟರಲ್ಲಿ ನನ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟ ಮುರಿಯಿತು. ಹೊರಡುತ್ತೇನೆಂದು ಮಗಳು ಫೋನಿನಲ್ಲಿ ಅತ್ತಳು. ಆದರೆ ಅರ್ಜಿ ತೀರ್ಮಾನವಾಗುವ ಮೊದಲು ದೇಶ ಬಿಟ್ಟರೆ, ಅದನ್ನು ನೀವೇ ಕೈಬಿಟ್ಟಿರೆಂದು ಲೆಕ್ಕ ಹಿಡೀತಾರೆ. ಎಚ್-4ರಲ್ಲೇ ಮರಳಿ ಹೋಗಬಹುದಿತ್ತು, ಪಾಠವನ್ನೂ ಕೇಳಬಹುದಿತ್ತು. ಕಾಲೇಜಿನ ಕೆಲಸ ಮಾತ್ರ ಹೋಗುತ್ತಿತ್ತು, ಅದಿಲ್ಲದೆ ಫೀಸು ಹೊಂದಿಸುವುದು ಎಲ್ಲಿಂದ? ಮಲಗಿದಲ್ಲಿಂದಲೇ ಅಮ್ಮ ಹೇಳಿದರು, "ಅವ್ಳ್ ಓದ್ ಮುಗ್ಸ್ಕಂಡ್ ಬರ್ಲಿ, ನಾನ್ ಎಲ್ಲ್ ಹೋತೆ?"

ಆಷಾಢದಲ್ಲಿ ಅಮ್ಮ ತೀರಿಕೊಂಡರು. ಬೊಜ್ಜ ಮುಗಿದ ಮೇಲೆ ಮಂಜೂರಾತಿ ಬಂತು. ಬಾ ಎಂದು ನಾನು ಗಟ್ಟಿಯಾಗಿ ಹೇಳಲಿಲ್ಲ. ಅದು ಸರಿಯೋ ತಪ್ಪೋ, ಈಗಲೂ ರಾತ್ರಿ ಯೋಚಿಸುತ್ತೇನೆ.

ಇನ್ನೊಂದು ಸಂಗತಿ ನಮಗೆ ಆಮೇಲೆ ತಿಳಿದದ್ದು. ಅಲ್ಲಿ ಬದಲಾದದ್ದು ಸ್ಥಾನ ಮಾತ್ರ, ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಊರಿಗೆ ಬಂದರೆ ಚೆನ್ನೈಯಂಥ ಕಡೆ ಕಾನ್ಸುಲೇಟಿಗೆ ಹೋಗಿ ಎಫ್-1 ಮುದ್ರೆ ಹಾಕಿಸಿಕೊಂಡೇ ಮರಳಬೇಕು. ಓದು ಮುಗಿಸಿ ಭಾರತಕ್ಕೆ ವಾಪಸಾಗುವೆನೆಂದು ಅಲ್ಲಿ ನಂಬಿಸಬೇಕು. ಗಂಡ ಅಮೆರಿಕದಲ್ಲಿರುವ ಹುಡುಗಿ ಹಾಗೆ ನಂಬಿಸುವುದು ಸುಲಭವೇ, ನೀವೇ ಹೇಳಿ!

ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೂ ಒಂದು ಮಾತು. ಎಚ್-4 ಮಕ್ಕಳಿಗೆ 21 ತುಂಬುವವರೆಗೆ ಮಾತ್ರ. ಅಲ್ಲೇ ಬೆಳೆದ ಮಗುವಾದರೂ ಅಷ್ಟರೊಳಗೆ ಎಫ್-1ಕ್ಕೋ ಬೇರೆ ವೀಸಾಕ್ಕೋ ಬದಲಾಗಬೇಕು. ನಮ್ಮ ಶಿರೂರಿನಲ್ಲಿ ಗಲ್ಫಿನ ಮನೆಗಳೂ ಇವೆಯಲ್ಲ, ಅವರಿಗೆ ಇದು ಸ್ವಲ್ಪ ಹಗುರ. ಯು.ಎ.ಇ.ಯಲ್ಲಿ 2022ರ ನಿಯಮದಂತೆ ಮದುವೆಯಾಗದ ಗಂಡುಮಕ್ಕಳು 25ರವರೆಗೆ ತಂದೆಯ ವೀಸಾದಲ್ಲೇ ಇರಬಹುದು.

"ಟೂರಿಸ್ಟ್ ವೀಸಾದಲ್ಲಿ ಹೋಗಲಿ, ಅಲ್ಲೇ ಕಾಲೇಜು ಸೇರಿಸುವ" ಎನ್ನುವ ಏಜೆಂಟರಿದ್ದಾರೆ. ದುಡ್ಡು ಕೊಡಬೇಡಿ. ಬ್ರಿಟನ್ನಿನಲ್ಲಿ ಸಂದರ್ಶಕರು ಅಲ್ಲಿದ್ದುಕೊಂಡೇ ವಿದ್ಯಾರ್ಥಿ ವೀಸಾಕ್ಕೆ ಬದಲಾಗುವಂತಿಲ್ಲ. ಅಮೆರಿಕದಲ್ಲಿ ಅರ್ಜಿ ಹಾಕಬಹುದಾದರೂ, ಮಂಜೂರಾಗುವ ಮೊದಲು ಕ್ಲಾಸಿಗೆ ಕಾಲಿಡುವಂತಿಲ್ಲ.

ಡಿಸೆಂಬರಿನಲ್ಲಿ ಬರ್ತೇನೆ ಅಂದಿದ್ದಾಳೆ ಮಗಳು. ಚೆನ್ನೈಗೆ ನಾನೂ ಜೊತೆಗೆ ಹೋಗುವವಳು. ಅಜ್ಜಿಯ ಕೈಯ ಮಿಡಿ ಉಪ್ಪಿನಕಾಯಿ ಒಂದು ಭರಣಿ ಉಳಿದಿದೆ, ಅದನ್ನು ಯಾರೂ ಮುಟ್ಟಿಲ್ಲ.