ವ್ಯಸನ ಬಿಡುವ ಹೆಣ್ಣಿಗೊಂದು ಮನೆ

‘ವ್ಯಸನ’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಕೆಟ್ಟ ಚಟ ಎಂಬುದು ಒಂದು, ದುಃಖ ಎಂಬುದು ಇನ್ನೊಂದು. ‘ಸುದ್ದಿ ತಿಳಿದು ಬಹಳ ವ್ಯಸನವಾಯಿತು’ ಎಂದು ಹಿರಿಯರು ಕಾಗದ ಬರೆಯುತ್ತಿದ್ದಾಗ ಅವರ ಮನಸ್ಸಿನಲ್ಲಿದ್ದುದು ಈ ಎರಡನೆಯ ಅರ್ಥ. ಚಟಕ್ಕೂ ದುಃಖಕ್ಕೂ ಒಂದೇ ಹೆಸರಿಟ್ಟವರು ಅವೆರಡರ ನಂಟನ್ನು ಬಲ್ಲವರೇ ಆಗಿದ್ದಿರಬೇಕು. ಆದರೆ ಹಿಂದಿನವರ ಎಣಿಕೆಯಲ್ಲಿ ಒಂದು ಲೋಪವೂ ಇದೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಕಾಮದಿಂದ ಹುಟ್ಟುವ ವ್ಯಸನಗಳನ್ನು ಹೇಳುವಾಗ ಬೇಟೆ, ಜೂಜು, ಸ್ತ್ರೀ, ಪಾನ ಎಂದು ನಾಲ್ಕನ್ನು ಎಣಿಸುತ್ತಾನೆ. ಅಲ್ಲಿ ಹೆಣ್ಣು ಗಂಡಸಿನ ವ್ಯಸನಗಳಲ್ಲಿ ಒಂದು. ಪಾನದ ಪಕ್ಕದಲ್ಲೇ ಆಕೆಗೂ ಸ್ಥಾನ. ಆ ಹೆಣ್ಣಿಗೇ ಒಂದು ವ್ಯಸನ ಅಂಟಿಕೊಂಡರೆ ಏನು ಗತಿ ಎಂಬ ಪ್ರಶ್ನೆ ಅಲ್ಲಿ ಏಳುವಂತೆಯೇ ಇಲ್ಲ.

ಇಂದಿಗೂ ನಾವು ಆ ಪ್ರಶ್ನೆಯನ್ನು ಎತ್ತಲು ಹಿಂಜರಿಯುತ್ತೇವೆ. ಧರ್ಮಸ್ಥಳದ ಆಶ್ರಯದಲ್ಲಿ ನಮ್ಮ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ನೀವು ಬಲ್ಲಿರಿ. ಭಜನೆ, ಉಪದೇಶ, ಸಹಭೋಜನಗಳ ನಡುವೆ ದಿನಗಳನ್ನು ಕಳೆದು ಕುಡಿತ ಬಿಡುವ ಸಂಕಲ್ಪ ಮಾಡುವವರು ಬಹುಪಾಲು ಗಂಡಸರು. ಅವರನ್ನು ಅಲ್ಲಿಗೆ ಕಳುಹಿಸಲು ಹೆಣಗಿದವರು ಹೆಂಗಸರು. ಕುಡಿಯುವವನು ಗಂಡ, ಕಣ್ಣೀರಿಡುವವಳು ಹೆಂಡತಿ ಎಂಬ ಚಿತ್ರ ನಮ್ಮ ಕಥೆ, ನಾಟಕ, ಚಲನಚಿತ್ರಗಳಲ್ಲೂ ಬೇರೂರಿಬಿಟ್ಟಿದೆ. ಆ ಚಿತ್ರದ ಹೊರಗೆ ನಿಂತವಳಿಗಾಗಿ, ದೇವರ ಹೆಸರಿನಲ್ಲಿ ಬೇರೆ ದೇಶಗಳಲ್ಲಿ ಕಟ್ಟಿದ ಕೆಲವು ಮನೆಗಳ ವಿಚಾರವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ದೇಹದ ಮಾತು. ಹೆಣ್ಣಿನ ಶರೀರದಲ್ಲಿ ನೀರಿನ ಅಂಶ ಗಂಡಸಿನಲ್ಲಿರುವುದಕ್ಕಿಂತ ಕಡಿಮೆ. ಮದ್ಯವನ್ನು ಜಠರದಲ್ಲೇ ಒಡೆಯುವ ಕಿಣ್ವವೂ ಸಾಮಾನ್ಯವಾಗಿ ಕಡಿಮೆಯೇ. ಆದುದರಿಂದ ಅಷ್ಟೇ ಕುಡಿದರೂ ಆಕೆಯ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು. ಯಕೃತ್ತು ಬೇಗ ಕೆಡುತ್ತದೆ. ಕುಡಿಯಲು ತೊಡಗಿದ ದಿನದಿಂದ ಅದಿಲ್ಲದೆ ಬಾಳಲಾಗದ ಸ್ಥಿತಿಗೆ ಬರುವ ಕಾಲವೂ ಹೆಂಗಸರಲ್ಲಿ ಅನೇಕ ಸಲ ಮೊಟಕಾಗಿರುತ್ತದೆ. ಇಷ್ಟಿದ್ದೂ ವೈದ್ಯರ ಬಳಿಗೆ ಆಕೆ ಬರುವುದು ತಡವಾಗಿ. ತಡೆಯುವುದು ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ‘ಒಪ್ಪಿಕೊಂಡರೆ ಮಕ್ಕಳನ್ನು ಕಿತ್ತುಕೊಂಡಾರು’ ಎಂಬ ಭಯ.

ಈ ನಾಚಿಕೆಯನ್ನು ಮೊದಲು ಕಂಡುಕೊಂಡವರಲ್ಲಿ ಇಂಗ್ಲೆಂಡಿನ ಲೇಡಿ ಹೆನ್ರಿ ಸಾಮರ್ಸೆಟ್ ಒಬ್ಬಳು. ಇಸಾಬೆಲ್ಲಾ ಎಂಬುದು ಆಕೆಯ ಸ್ವಂತ ಹೆಸರು. 1851ರಲ್ಲಿ ಶ್ರೀಮಂತ ಅರ್ಲ್ ಒಬ್ಬನ ಮಗಳಾಗಿ ಹುಟ್ಟಿ, ಡ್ಯೂಕನೊಬ್ಬನ ಮಗನನ್ನು ಮದುವೆಯಾದಳು. ಗಂಡನ ನಡತೆಯಿಂದ ಸಂಸಾರ ಮುರಿದು, ಮಗನಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ನ್ಯಾಯಾಲಯ ಮಗುವನ್ನು ತಾಯಿಗೇ ಕೊಟ್ಟಿತು. ಆದರೆ ಅಂದಿನ ಸಭ್ಯ ಸಮಾಜ ಬಾಗಿಲು ಮುಚ್ಚಿದುದು ಗಂಡನ ಮುಖಕ್ಕಲ್ಲ, ಮನೆಯ ಗುಟ್ಟನ್ನು ಬೀದಿಗೆ ತಂದಳೆಂದು ಹೆಂಡತಿಯ ಮುಖಕ್ಕೆ. ತಾನು ತಪ್ಪು ಮಾಡದೆಯೇ ನಾಚಿಕೆಗೇಡೆನಿಸಿಕೊಂಡ ಈ ಹೆಂಗಸು 1890ರಲ್ಲಿ ಬ್ರಿಟಿಷ್ ಮಹಿಳೆಯರ ಪಾನನಿರೋಧ ಸಂಘದ ಅಧ್ಯಕ್ಷೆಯಾದಳು. ‘ಕುಡಿಯಬೇಡಿ’ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ; ಈಗಾಗಲೇ ಕುಡಿತಕ್ಕೆ ಸೋತವಳನ್ನು ಎಲ್ಲಿಗೆ ಕಳುಹಿಸೋಣ ಎಂಬುದಕ್ಕೆ ಸಂಘದ ಬಳಿ ಉತ್ತರವಿರಲಿಲ್ಲ. ಅಂದು ಇದ್ದ ಉತ್ತರವೆಂದರೆ ಸೆರೆಮನೆ.

1895ರಲ್ಲಿ ಲಂಡನ್ನಿನ ದಕ್ಷಿಣಕ್ಕೆ, ಸರ್ರೆ ಪ್ರಾಂತದ ರೈಗೇಟ್ ಪಟ್ಟಣಕ್ಕೆ ಸಮೀಪದ ಡಕ್ಸ್‌ಹರ್ಸ್ಟ್ ಎಂಬಲ್ಲಿ ಆಕೆ ಒಂದು ಪುಟ್ಟ ಹಳ್ಳಿಯನ್ನೇ ಕಟ್ಟಿಸಿದಳು. ಆಸ್ಪತ್ರೆಯ ಉದ್ದನೆಯ ವಾರ್ಡು ಬೇಡ, ಜೈಲಿನ ಗೋಡೆ ಬೇಡ ಎಂಬುದು ಆಕೆಯ ಹಟ. ಹಸಿರು ಬಯಲಿನ ಸುತ್ತ ಹುಲ್ಲುಹೊದಿಕೆಯ ಕುಟೀರಗಳು. ಒಂದೊಂದು ಕುಟೀರದಲ್ಲೂ ಕೆಲವೇ ಹೆಂಗಸರು, ಅವರೊಂದಿಗೆ ಒಬ್ಬ ಸಿಸ್ಟರ್. ನಡುವೆ ಒಂದು ಪುಟ್ಟ ಚರ್ಚು. ತೋಟದ ಕೆಲಸ, ಕೋಳಿ ಸಾಕಣೆ, ಜೇನು, ನೇಯ್ಗೆ, ಲ್ಯಾವೆಂಡರ್ ಬೆಳೆ. ಬಂದವಳು ಕಡಿಮೆಯೆಂದರೆ ಒಂದು ವರ್ಷ ಉಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳಿಗೂ ಅಲ್ಲಿ ಒಂದು ಮನೆಯಿತ್ತು.

ಈ ಏರ್ಪಾಡಿನ ಒಳತಿರುಳನ್ನು ಸ್ವಲ್ಪ ನಿಂತು ನೋಡಬೇಕು. ಕುಡಿತ ಬಿಡಿಸುವುದೆಂದರೆ ಬಾಟಲಿಯನ್ನು ಕಸಿದುಕೊಳ್ಳುವುದು ಎಂದು ನಾವು ಭಾವಿಸುತ್ತೇವೆ. ಕಸಿದ ಮೇಲೆ ದಿನವಿಡೀ ಉಳಿಯುವ ಶೂನ್ಯಕ್ಕೆ ಏನು ಮಾಡಬೇಕು? ಬೆಳಗ್ಗೆ ಏಳಲು ಒಂದು ಕಾರಣ, ಕೈಗೆ ಒಂದು ಕೆಲಸ, ಸಂಜೆಗೆ ಒಂದು ಪ್ರಾರ್ಥನೆ, ಊಟಕ್ಕೆ ಜೊತೆಯಲ್ಲಿ ನಾಲ್ಕು ಜನ, ಇವು ದೊರೆತಾಗ ದಿನಕ್ಕೆ ಒಂದು ಚೌಕಟ್ಟು ಬರುತ್ತದೆ. ಶ್ರದ್ಧೆ ಅಲ್ಲಿ ಮಾಡಿದ ದೊಡ್ಡ ಉಪಕಾರ ಈ ಚೌಕಟ್ಟೇ ಎಂದು ನನಗೆ ತೋರುತ್ತದೆ. ಪವಾಡದ ಮಾತು ಬೇರೆ. ಆಕೆ ಡಕ್ಸ್‌ಹರ್ಸ್ಟಿನ ಅನುಭವವನ್ನು ಬರೆದ ಪುಸ್ತಕಕ್ಕೆ ಬೈಬಲ್ಲಿನ ಯೆಶಾಯನ ಗ್ರಂಥದಿಂದ ಹೆಸರನ್ನು ಆರಿಸಿಕೊಂಡಳು: ಬೂದಿಗೆ ಬದಲಾಗಿ ಚೆಲುವು ಎಂದು ಅದರ ಅರ್ಥ. ಸೋತು ಬಂದವರಿಗೆ ಹುಲ್ಲುಮನೆ, ಹೂದೋಟಗಳ ಚೆಲುವೇಕೆ ಎಂದು ಕೇಳುವವರಿಗೆ ಆ ಹೆಸರೇ ಉತ್ತರವಾಗಿತ್ತು.

ಹಾಗೆಂದು ಅದೊಂದು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಹಣವುಳ್ಳ ಮನೆತನದ ಹೆಂಗಸರಿಗೆ ಅಲ್ಲಿ ಮೇನರ್ ಹೌಸ್, ಬಡವಳಿಗೆ ಕುಟೀರ. ಚಟ ಒಂದೇ ಆದರೂ ಸೂರು ಎರಡು! ಅದಕ್ಕಿಂತ ದೊಡ್ಡ ಪಾಠ ಜೇನ್ ಕೇಕ್‌ಬ್ರೆಡ್ ಎಂಬ ಮುದುಕಿಯ ಪ್ರಸಂಗದಲ್ಲಿದೆ. ಕುಡಿದು ಗಲಾಟೆ ಮಾಡಿದಳೆಂದು ಲಂಡನ್ನಿನ ನ್ಯಾಯಾಲಯಗಳು ಆಕೆಗೆ ಸುಮಾರು 280 ಸಲ ಶಿಕ್ಷೆ ವಿಧಿಸಿದ್ದವು. ಪತ್ರಿಕೆಗಳಿಗೆ ಆಕೆ ಒಂದು ವಿನೋದದ ವಸ್ತು. ಲೇಡಿ ಹೆನ್ರಿ ಆಕೆಯನ್ನು ಡಕ್ಸ್‌ಹರ್ಸ್ಟಿಗೆ ಕರೆದುಕೊಂಡು ಹೋದಳು. ಕೆಲವು ತಿಂಗಳಲ್ಲಿ ತಿಳಿದುಬಂದ ಸಂಗತಿಯೆಂದರೆ, ಜೇನಳ ಮೂಲರೋಗ ಕುಡಿತವಲ್ಲ, ಚಿತ್ತವಿಕಾರ. ಪೊಲೀಸ್ ನ್ಯಾಯಾಲಯಗಳಲ್ಲಿ ಚರ್ಚಿನ ಪರವಾಗಿ ದುಡಿಯುತ್ತಿದ್ದ ಥಾಮಸ್ ಹೋಮ್ಸ್ ಎಂಬಾತನೂ ಇದನ್ನೇ ಹೇಳಿದ್ದ. 1896ರಲ್ಲಿ ಆಕೆಯನ್ನು ಕ್ಲೇಬರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಕೊನೆಗೆ ಅಲ್ಲಿಯೇ ತೀರಿಕೊಂಡಳು. 280 ತೀರ್ಪುಗಳಿಗೆ ಕಾಣದ ರೋಗ ಒಂದು ಮನೆಯಲ್ಲಿ ಕೆಲವು ತಿಂಗಳು ಒಟ್ಟಿಗೆ ಇದ್ದುದರಿಂದ ಕಂಡಿತು. ಕಂಡುದನ್ನು ವಾಸಿಮಾಡಲು ಆ ಮನೆಗೆ ಆಗಲಿಲ್ಲವೆಂಬುದೂ ಅಷ್ಟೇ ನಿಜ.

ಪ್ರಾರ್ಥನೆಯ ಮನೆಗೆ ವೈದ್ಯನೂ ಬೇಕೆಂಬ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸು, ಸನ್ನಿ ಕಾಣಿಸಿಕೊಂಡು ಪ್ರಾಣಕ್ಕೇ ಎರವಾಗಬಹುದು. ಹೆರಾಯಿನ್ ಮೊದಲಾದ ಅಫೀಮು ವರ್ಗದ ದ್ರವ್ಯಗಳದು ಇನ್ನೊಂದು ಬಗೆಯ ಅಪಾಯ. ಕೆಲವು ಕಾಲ ಬಿಟ್ಟಿದ್ದಾಗ ದೇಹ ಹಳೆಯ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ. ಆಗ ಹಿಂದಿನಷ್ಟೇ ತೆಗೆದುಕೊಂಡರೆ ಸಾವು. ಇದನ್ನು ತಡೆಯಲು ಮೆಥಡೋನ್, ಬ್ಯುಪ್ರನಾರ್ಫಿನ್ ಎಂಬ ಔಷಧಿಗಳಿವೆ. ಆದರೆ ಅಮೆರಿಕದ ಕೆಲವು ಧಾರ್ಮಿಕ ನಿವಾಸಗಳು, ‘ಔಷಧಿ ನುಂಗುವವರು ವ್ಯಸನ ಬಿಟ್ಟವರಲ್ಲ’ ಎಂದು ಅಂಥವರನ್ನು ಸೇರಿಸಿಕೊಳ್ಳುವುದಿಲ್ಲ. ಇದು ಭಕ್ತಿಯಲ್ಲ, ಮೊಂಡುತನ. ಜ್ವರ ಬಂದರೆ ಗುಳಿಗೆಯನ್ನೂ ನುಂಗಿ ದೇವರಿಗೂ ಕೈಮುಗಿಯುವ ನಮ್ಮ ಅಜ್ಜಿಯರು ಇವರಿಗಿಂತ ವಿವೇಕಿಗಳು.

ಶ್ರದ್ಧೆ ಬಲಾತ್ಕಾರದ ಕೈಸೇರಿದಾಗ ಆಗುವ ಅನಾಹುತ ಇನ್ನೂ ಘೋರವಾದುದು. ಐರ್ಲೆಂಡಿನಲ್ಲಿ ‘ಮ್ಯಾಗ್ಡಲೀನ್’ ಎಂಬ ಹೆಸರಿನ ಮನೆಗಳಿದ್ದವು. ಬೈಬಲ್ಲಿನ ಮಗ್ದಲದ ಮರಿಯಳನ್ನು ಪಶ್ಚಾತ್ತಾಪಪಟ್ಟ ಪತಿತೆಯೆಂದು ಬಹುಕಾಲ ನಂಬಿದ್ದರಿಂದ ಆ ಹೆಸರು. ದಾರಿ ತಪ್ಪಿದವರೆಂದು ಊರು, ಮನೆ, ಸರ್ಕಾರಗಳು ನಿರ್ಣಯಿಸಿದ ಹೆಂಗಸರನ್ನು ಅಲ್ಲಿ ಕೂಡಿಹಾಕಿ ಸಂಬಳವಿಲ್ಲದೆ ಬಟ್ಟೆ ಒಗೆಸುತ್ತಿದ್ದರು. 1993ರಲ್ಲಿ ಡಬ್ಲಿನ್ನಿನ ಹೈ ಪಾರ್ಕ್ ಎಂಬಲ್ಲಿ ಜಮೀನನ್ನು ಮಾರಲು ಸಮಾಧಿಗಳನ್ನು ಅಗೆದಾಗ 155 ಹೆಂಗಸರ ಅವಶೇಷಗಳು ಸಿಕ್ಕಿದುವು. ಲೆಕ್ಕದಲ್ಲಿದ್ದುದು ಅದಕ್ಕಿಂತ ಕಡಿಮೆ. ಇಂಥ ಕೊನೆಯ ಅಗಸಗಿತ್ತಿಯರ ಮನೆ ಮುಚ್ಚಿದುದು 1996ರಲ್ಲಿ. 2013ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಅಲ್ಲಿಯೂ ಕೆಲಸವಿತ್ತು, ಪ್ರಾರ್ಥನೆಯಿತ್ತು, ದಿನಚರಿಯಿತ್ತು. ಆದರೆ ಬಾಗಿಲಿನ ಕೀಲಿ ಒಳಗಿದ್ದವಳ ಕೈಯಲ್ಲಿರಲಿಲ್ಲ; ಆಕೆಯ ನಾಚಿಕೆ ಕಳೆಯುವುದಕ್ಕೆ ಬದಲು ಅದನ್ನೇ ಬಂಡವಾಳ ಮಾಡಿಕೊಂಡಿದ್ದರು. ನಮ್ಮ ವಚನಕಾರ್ತಿ ಸೂಳೆ ಸಂಕವ್ವೆ ತನ್ನ ದೇವರನ್ನು ‘ನಿರ್ಲಜ್ಜೇಶ್ವರ’ ಎಂಬ ಅಂಕಿತದಿಂದ ಕರೆದಳು. ಆಕೆಯ ವಚನ ನಮಗೆ ಉಳಿದಿರುವುದು ಒಂದೇ ಒಂದು. ಆದರೂ ಲಜ್ಜೆಯನ್ನು ಹೊರಿಸದ ದೇವರೊಬ್ಬ ಬೇಕೆಂಬ ಅರಿವು ಆ ಒಂದು ಅಂಕಿತದಲ್ಲಿದೆಯಲ್ಲವೇ?

ಅಮೆರಿಕದಲ್ಲಿ 1935ರಲ್ಲಿ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಸೇರಿ ಹುಟ್ಟುಹಾಕಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದ ಹೆಸರನ್ನು ಕೇಳಿರುತ್ತೀರಿ. ಅದರ ಬೇರು ಕ್ರೈಸ್ತ ಭಕ್ತರ ಒಂದು ಕೂಟದಲ್ಲಿದ್ದರೂ, ದೇವರನ್ನು ತಮತಮಗೆ ತಿಳಿದಂತೆ ಗ್ರಹಿಸಬಹುದೆಂದು ಅದು ಬಾಗಿಲು ತೆರೆದಿಟ್ಟಿತು. ಆದರೂ ಆ ಮೊದಲ ವರ್ಷಗಳಲ್ಲಿ ಹೆಂಗಸರು ವಿರಳ. 1939ರಲ್ಲಿ ಸೇರಿದ ಮಾರ್ಟಿ ಮಾನ್ ಎಂಬಾಕೆ ತನ್ನ ಕುಡಿತವನ್ನು ಬಹಿರಂಗವಾಗಿ ಹೇಳಿಕೊಂಡು, ಇದು ರೋಗವೆಂದು ದೇಶದುದ್ದಕ್ಕೂ ಸಾರಿದಳು. ಅದೇ 1939ರಲ್ಲಿ ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಸಂನ್ಯಾಸಿನಿ ಸಿಸ್ಟರ್ ಇಗ್ನೇಷಿಯಾ ಕುಡುಕರಿಗೆ ಹಾಸಿಗೆ ಕೊಡಿಸತೊಡಗಿದರು. ಗುಣವಾಗಿ ಹೊರಡುವವರ ಕೈಗೆ ಒಂದು ಪುಟ್ಟ ಪವಿತ್ರ ಲಾಂಛನವನ್ನಿತ್ತು, ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಇದನ್ನು ತಂದು ಹಿಂದಿರುಗಿಸಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದರು. ಹೆದರಿಸುವ ಮಾತೇ ಇಲ್ಲ. ಹಿಂದಿರುಗಿ ಬರಲು ಒಂದು ಬಾಗಿಲುಂಟು ಎಂಬ ಜ್ಞಾಪಕ ಮಾತ್ರ.

ಆಸ್ಪತ್ರೆಯಿಂದ ಹೊರಬಿದ್ದ ಮೇಲೆ ಎಲ್ಲಿಗೆ? ಹಳೆಯ ಮನೆ, ಹಳೆಯ ಬೀದಿ, ಹಳೆಯ ಗೆಳೆತನ ಕಾದೇ ಇರುತ್ತವೆ. ಚಿಕಿತ್ಸೆಯ ಬಳಿಕ ವ್ಯಸನವಿಲ್ಲದವರೇ ಒಟ್ಟಾಗಿ ಬಾಳುವ ಮನೆಗಳು ಹುಟ್ಟಿಕೊಂಡುದು ಈ ಕಾರಣದಿಂದ. 1975ರಲ್ಲಿ ಮೇರಿಲ್ಯಾಂಡಿನಲ್ಲಿ ಆರಂಭವಾದ ಆಕ್ಸ್‌ಫರ್ಡ್ ಹೌಸ್ ಇವುಗಳಲ್ಲಿ ಹೆಸರಾದುದು. ಅದು ಧಾರ್ಮಿಕ ಸಂಸ್ಥೆಯಲ್ಲ; ಆದರೂ ಸಹವಾಸದ ಬಲವನ್ನು ಅಳೆದು ನೋಡಿದುದು ಅಲ್ಲಿಯಾದ್ದರಿಂದ ಅದನ್ನು ಹೇಳುತ್ತಿದ್ದೇನೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಮನೆಗಳು. ಬಾಡಿಗೆಯನ್ನು ತಾವೇ ಹಂಚಿಕೊಳ್ಳಬೇಕು, ಮನೆವಾರ್ತೆಯನ್ನು ಮತ ಹಾಕಿ ತಾವೇ ನಡೆಸಬೇಕು. ಮತ್ತೆ ಕುಡಿದವರು ಹೊರಡಬೇಕು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಿಕಿತ್ಸೆ ಮುಗಿಸಿದ 150 ಮಂದಿಯಲ್ಲಿ ಅರ್ಧ ಜನರನ್ನು ಈ ಮನೆಗಳಿಗೂ ಉಳಿದವರನ್ನು ಎಂದಿನ ಏರ್ಪಾಡಿಗೂ ಚೀಟಿ ಎತ್ತಿದಂತೆ ಹಂಚಿದರು. ಎರಡು ವರ್ಷಗಳ ಬಳಿಕ ಮತ್ತೆ ವ್ಯಸನಕ್ಕೆ ಮರಳಿದವರು ಆ ಮನೆಗಳವರಲ್ಲಿ ನೂರಕ್ಕೆ 31, ಉಳಿದವರಲ್ಲಿ 65.

ಕೊನೆಯದಾಗಿ ಟೆನೆಸ್ಸಿ ಸಂಸ್ಥಾನದ ನ್ಯಾಶ್‌ವಿಲ್ ನಗರದ ಒಂದು ಮನೆ. ಕಟ್ಟಿದವರು ಎಪಿಸ್ಕೋಪಲ್ ಚರ್ಚಿನ ಪಾದ್ರಿ ಬೆಕಾ ಸ್ಟೀವನ್ಸ್ ಎಂಬ ಮಹಿಳೆ. ಅವರ ತಂದೆಯೂ ಪಾದ್ರಿ; ಮಗಳಿಗೆ ಐದು ವರ್ಷವಾಗಿದ್ದಾಗ ಕುಡಿದು ವಾಹನ ನಡೆಸುತ್ತಿದ್ದವನಿಂದ ಮೃತರಾದರು. ಆ ಬಳಿಕ ಚರ್ಚಿನವನೇ ಒಬ್ಬ ಆ ಮಗುವಿನ ಮೇಲೆ ಅತ್ಯಾಚಾರ ನಡೆಸಿದ ಸಂಗತಿಯನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಧರ್ಮದ ಮನೆಯಲ್ಲಿ ಎಂಥ ಕತ್ತಲೆ ಇರಬಲ್ಲುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐರ್ಲೆಂಡಿನ ಕೊನೆಯ ಮನೆ ಮುಚ್ಚಿದ ಮರುವರ್ಷ, 1997ರಲ್ಲಿ, ಅದೇ ‘ಮ್ಯಾಗ್ಡಲೀನ್’ ಎಂಬ ಹೆಸರಿನಲ್ಲಿ ಐವರು ಹೆಂಗಸರೊಡನೆ ಅವರು ಮನೆ ತೆರೆದರು. ಬೀದಿಯಲ್ಲಿ ಮೈ ಮಾರಿಕೊಂಡು, ಮಾದಕ ದ್ರವ್ಯಗಳಿಗೆ ಸಿಕ್ಕಿ, ಜೈಲು ಕಂಡು ಬಂದವರಿಗೆ ಎರಡು ವರ್ಷ ವಾಸ, ಚಿಕಿತ್ಸೆ, ಶಿಕ್ಷಣ, ಎಲ್ಲವೂ ಉಚಿತ. ಮನೆಯೊಳಗೆ ಮೇಲ್ವಿಚಾರಕರು ಯಾರೂ ವಾಸಿಸುವುದಿಲ್ಲ. ಬೀಗದ ಕೈ ಆ ಹೆಂಗಸರ ಬಳಿಯೇ. ಆರನೆಯ ಶತಮಾನದ ಸಂತ ಬೆನೆಡಿಕ್ಟನು ತನ್ನ ಮಠಕ್ಕೆ ಬರೆದ ನಿಯಮಾವಳಿಯ ಜಾಡಿನಲ್ಲಿ 24 ಸೂತ್ರಗಳನ್ನು ಈ ಸಮುದಾಯ ರೂಪಿಸಿಕೊಂಡು, 2008ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿತು.

ವ್ಯಸನ ಬಿಟ್ಟರೂ ಹಳೆಯ ಅಪರಾಧದ ದಾಖಲೆಯುಳ್ಳ ಹೆಂಗಸಿಗೆ ಕೆಲಸ ಕೊಡುವವರಿಲ್ಲವೆಂದು ಕಂಡಾಗ, 2001ರಲ್ಲಿ ಅವರೇ ಒಂದು ಉದ್ಯಮ ತೆರೆದರು. ಮೋಂಬತ್ತಿ, ಮೈಗೆ ಹಚ್ಚುವ ಎಣ್ಣೆ ಮುಂತಾದವು ಅಲ್ಲಿ ತಯಾರಾಗುತ್ತವೆ. ಅದಕ್ಕಿಟ್ಟ ಹೆಸರು ಥಿಸಲ್ ಫಾರ್ಮ್ಸ್. ಥಿಸಲ್ ಎಂಬುದು ಒಂದು ಮುಳ್ಳುಗಿಡ. ನಮ್ಮ ಬೀಳುನೆಲದ ಮುಳ್ಳುಗಿಡಗಳಂತೆ ಯಾರೂ ಬಿತ್ತುವುದಿಲ್ಲ, ಯಾರೂ ನೀರೆರೆಯುವುದಿಲ್ಲ. ಆ ಹೆಂಗಸರು ಹಿಂದೆ ರಾತ್ರಿ ನಿಲ್ಲುತ್ತಿದ್ದ ಸಂದಿಗೊಂದಿಗಳಲ್ಲಿ ಕಾಂಕ್ರೀಟಿನ ಬಿರುಕಿನಿಂದಲೇ ಮೇಲೇಳುತ್ತದೆ. ಹೂವು ಮಾತ್ರ ಮೃದುವಾದ ನೇರಿಳೆ ಬಣ್ಣದ್ದು. ಆ ಗಿಡಗಳನ್ನು ಕೊಯ್ದು ತಂದು ಅವರು ಕಾಗದವನ್ನೂ ಮಾಡಿದುದುಂಟು.

ಅಲ್ಲಿ ದಿನದ ಕೆಲಸಕ್ಕೆ ಮುನ್ನ ಎಲ್ಲರೂ ದುಂಡಗೆ ಕೂರುತ್ತಾರೆ. ಇನ್ನೂ ಬೀದಿಯಲ್ಲೇ ಇದ್ದು ಮನೆಯ ದಾರಿ ಹುಡುಕುತ್ತಿರುವ ಹೆಂಗಸಿಗೆಂದು ಒಂದು ಮೋಂಬತ್ತಿಯನ್ನು ಹಚ್ಚುತ್ತಾರೆ. ತಮಗನಿಸಿದುದನ್ನು ಒಬ್ಬೊಬ್ಬರಾಗಿ ಆಡಿದ ಮೇಲೆ, ಎಣ್ಣೆಯ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಏಳುತ್ತಾರೆ.